ಹಾಲಿನ ಲೆಕ್ಕ ಕೇಳುವ ಸ್ವಾಗತ ಯಂತ್ರದ ಸನ್ನಿಧಾನಕ್ಕೆ

ಮಾನ್ಯರೇ,

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಎಡಮಗ್ಗುಲಿನಲ್ಲಿರುವ ಖಾಸಗಿ ಪಶು ಆಸ್ಪತ್ರೆಯ ಮುಂಬಾಗಿಲ ಮೇಜಿನ ಹಿಂದೆ ಕುಳಿತು ಚೀಟಿ ಬರೆಯುತ್ತಿದ್ದ, ಫೋನು ಎತ್ತುತ್ತಿದ್ದ, ದನದವರ ಬೈಗುಳವನ್ನೂ ನಾಯಿಯವರ ಇಂಗ್ಲಿಷನ್ನೂ ಸಮಚಿತ್ತದಿಂದ ಕೇಳಿಸಿಕೊಳ್ಳುತ್ತಿದ್ದ ಸ್ವಾಗತಕಾರಿಣಿ ಸರ್ವಮಂಗಳಾ ತಮ್ಮ ಪಾದಗಳಿಗೆ, ಅಂದರೆ ತಮ್ಮ ನಾಲ್ಕು ರಬ್ಬರ್ ಚಕ್ರಗಳಿಗೆ, ಮಾಡುವ ಅನಂತ ನಮಸ್ಕಾರಗಳು. ಇತ್ತ ನಾನು ಕ್ಷೇಮ. ತಮ್ಮ ಕ್ಷೇಮವನ್ನು ಬೇರೆಯಾಗಿ ವಿಚಾರಿಸಬೇಕಾಗಿಲ್ಲ, ಏಕೆಂದರೆ ತಾವು ನನ್ನಿಂದ ಎರಡು ಮಾರು ದೂರದಲ್ಲೇ, ನನ್ನ ಮೇಜಿನ ಫ್ಯಾನನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನಿಂತಿದ್ದೀರಿ. ಕರೆಂಟು ಇರುವ ತನಕ ತಮಗೆ ಯಾವ ಕಾಯಿಲೆಯೂ ತಟ್ಟುವುದಿಲ್ಲವೆಂದು ತಮ್ಮನ್ನು ಮಾರಿದವರು ಬರೆದುಕೊಟ್ಟಿದ್ದಾರೆ.

ಇಷ್ಟು ಹತ್ತಿರವಿದ್ದೂ ಬಾಯಲ್ಲಿ ಹೇಳದೆ ಬಹಿರಂಗ ಪತ್ರ ಬರೆಯುವುದೇಕೆ ಎಂದು ತಾವು ಆಶ್ಚರ್ಯಪಡಬಹುದು. ಬಾಯಲ್ಲಿ ಹೇಳಿ ನೋಡಿದ್ದೇನೆ. ನಾನು ಏನೇ ಹೇಳಿದರೂ ತಾವು ಜೇನಿನಂಥ ಹೆಣ್ಣು ದನಿಯಲ್ಲಿ 'ಕ್ಷಮಿಸಿ, ಅರ್ಥವಾಗಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ' ಎನ್ನುತ್ತೀರಿ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಯಜಮಾನರು ಇದೇ ಉತ್ತರವನ್ನು ದನಿಯಿಲ್ಲದೆ ಕೊಡುತ್ತಾ ಬಂದಿದ್ದಾರೆ, ಹಾಗಾಗಿ ಅಭ್ಯಾಸವಿದೆ. ಆದರೂ ನಾಲ್ಕು ಜನ ಓದಲಿ ಎಂಬ ದುರಾಸೆಯಿಂದ ಲೇಖನಿ ಹಿಡಿದಿದ್ದೇನೆ.

ತಾವು ಬಂದ ದಿನ ನಮ್ಮ ಮ್ಯಾನೇಜರ್ ಹೇಮಂತ್ ಅವರು ತಮ್ಮ ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮದುಮಗಳ ಮುಸುಕು ಸರಿಸುವ ಜಾಗ್ರತೆಯಿಂದ ಸರಿಸಿ, ನನ್ನನ್ನು ಕರೆದು, ಒಂದು ತಿಂಗಳು ಇದರ ಪಕ್ಕದಲ್ಲಿ ನಿಂತು ಜನರಿಗೆ ಬೆರಳು ಒತ್ತುವುದನ್ನು ಕಲಿಸಿಕೊಡಿ, ತಿಂಗಳು ತುಂಬಿದ ಮೇಲೆ ಮುಂದಿನ ಮೇಜಿಗೆ ಮನುಷ್ಯರು ಬೇಕಾಗುವುದಿಲ್ಲ ಎಂದರು. ಸರಳವಾಗಿ ಹೇಳುವುದಾದರೆ, ನನ್ನ ಕುರ್ಚಿಯನ್ನು ತಮಗೆ ಒಪ್ಪಿಸಿ ಮನೆಗೆ ಹೋಗುವ ಕೆಲಸವನ್ನು ನನಗೇ ವಹಿಸಿದರು. ಆ ಮನೆ ಟಿ. ನರಸೀಪುರದಲ್ಲಿದೆ, ಅಲ್ಲಿ ಯಜಮಾನರ ಆಟೋ ಓಡುವ ದಿನಗಳಿಗಿಂತ ಗ್ಯಾರೇಜಿನಲ್ಲಿ ಮಲಗುವ ದಿನಗಳೇ ಹೆಚ್ಚು, ಮಗಳು ರಮ್ಯ ಪಿಯುಸಿ ಓದುತ್ತಿದ್ದಾಳೆ, ಒಲೆ ಉರಿಯುವುದು ಈ ಕುರ್ಚಿಯಿಂದ. ಈ ವಿಷಯವನ್ನು ಹೇಮಂತ್ ಅವರಿಗೆ ನಾನು ಹೇಳಲಿಲ್ಲ. ಅವರಿಗೆ ಗೊತ್ತಿತ್ತು, ಆದ್ದರಿಂದಲೇ ಮಾತಾಡುವಾಗ ನನ್ನ ಮುಖ ನೋಡದೆ ತಮ್ಮ ಗಾಜಿನ ಮುಖವನ್ನೇ ನೋಡುತ್ತಿದ್ದರು.

ತಮ್ಮ ಸದ್ಗುಣಗಳನ್ನು ಹೊಗಳದೆ ದೂರಿಗೆ ಕೈಹಾಕಿದರೆ ನನ್ನನ್ನು ಹೊಟ್ಟೆಕಿಚ್ಚಿನವಳು ಎಂದಾರು. ತಾವು ಚಹಾ ಕುಡಿಯುವುದಿಲ್ಲ, ಮಗಳ ಕಾಲೇಜಿಗೆಂದು ರಜೆ ಕೇಳುವುದಿಲ್ಲ, ಬಸ್ಸು ಕೆಟ್ಟಿತೆಂದು ತಡವಾಗಿ ಬರುವುದಿಲ್ಲ. ಎಮ್ಮೆಯೊಂದು ಮುಂದೆ ನಿಂತು ಸೀನಿದಾಗ ನಾನಾದರೆ ಓಡಿಹೋಗಿ ಮುಖ ತೊಳೆಯುತ್ತೇನೆ. ತಾವು ಆ ಅಭಿಷೇಕವನ್ನು ಮುಖದ ತುಂಬ ಹೊತ್ತು 'ನಮಸ್ಕಾರ, ತಮ್ಮ ಸಾಕುಪ್ರಾಣಿಯ ಆರೋಗ್ಯವೇ ನಮ್ಮ ಆನಂದ' ಎನ್ನುತ್ತೀರಿ. ಇಂಥ ಸಹನೆ ಮಠದ ಸ್ವಾಮಿಗಳಿಗೂ ಕಷ್ಟ. ಹದಿನಾರು ಎಂಬ ಊರಿನ ಗುರುಮಲ್ಲಪ್ಪನವರಂತೂ ಮೊದಲ ದಿನವೇ ಇದನ್ನು ಗುರುತಿಸಿ, ಚಪ್ಪಲಿ ಕಳಚಿ, ಹೊಸ ವಸ್ತು ಎಂಬ ಗೌರವದಿಂದ ತಮ್ಮ ಗಾಜಿನ ಹಣೆಗೆ ಮೂರು ಬೆರಳ ವಿಭೂತಿ ಎಳೆದರು. ಅದು ತಮ್ಮ ಕ್ಯಾಮರಾ ಕಣ್ಣಿನ ಮೇಲೆಯೇ ಬಿದ್ದು, ತಮಗೆ ಮಧ್ಯಾಹ್ನದ ತನಕ ಎದುರಿಗಿದ್ದದ್ದು ಮೇಕೆಯೋ ಮನುಷ್ಯನೋ ತಿಳಿಯಲಿಲ್ಲ. ಇಟ್ಟ ವಿಭೂತಿಯನ್ನು ಒರೆಸುವ ಪಾಪ ಕಟ್ಟಿಕೊಳ್ಳಲು ಆಸ್ಪತ್ರೆಯಲ್ಲಿ ಯಾರೂ ಮುಂದೆ ಬರಲಿಲ್ಲ, ನಾನು ಮೊದಲೇ ಬರಲಿಲ್ಲ.

ವಿಭೂತಿ ತಾನಾಗಿ ಉದುರಿ ಕಣ್ಣು ಕಾಣತೊಡಗಿದ ಮೇಲೆ ತಾವು ಪ್ರಶ್ನೆಗಳನ್ನು ಕೇಳತೊಡಗಿದಿರಿ. ಪ್ರಾಣಿಯ ಹೆಸರೇನು, ಜನ್ಮದಿನಾಂಕ ಯಾವುದು, ಆಹಾರದಲ್ಲಿ ಏನಾದರೂ ಅಲರ್ಜಿ ಇದೆಯೇ. ಹೆಮ್ಮಿಗೆಯಿಂದ ಬೆಳಗಿನ ಬಸ್ಸಿನಲ್ಲಿ ಕುರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದ ನಿಂಗರಾಜುವಿಗೆ ಕುರಿಗೊಂದು ಹೆಸರಿರಬೇಕೆಂಬುದು ಅದುವರೆಗೆ ಹೊಳೆದಿರಲಿಲ್ಲ. ಹೆಸರಿಲ್ಲದೆ ತಾವು ಮುಂದಕ್ಕೆ ಬಿಡಲಿಲ್ಲವಾದ್ದರಿಂದ ತನ್ನ ಹೆಸರನ್ನೇ ಕುರಿಗೆ ಧಾರೆಯೆರೆದ. ಸ್ವಲ್ಪ ಹೊತ್ತಿಗೆ ತಾವು ಇಡೀ ಹಜಾರಕ್ಕೆ ಕೇಳುವಂತೆ, ನಿಂಗರಾಜು ಅವರ ಹೊಟ್ಟೆಯ ಜಂತುಹುಳುವಿನ ಔಷಧಿ ಸಿದ್ಧವಿದೆ, ದಯವಿಟ್ಟು ಅವರನ್ನು ಹಿಡಿದುಕೊಂಡು ಒಳಗೆ ಬನ್ನಿ ಎಂದು ಸಾರಿದಿರಿ. ಅವನ ಜೊತೆ ಬಂದಿದ್ದವರು ಅದನ್ನು ಊರಿಗೆ ಒಯ್ದರೆಂದೂ, ಈಗ ಹೆಮ್ಮಿಗೆಯಲ್ಲಿ ಅವನನ್ನು ಕಂಡವರೆಲ್ಲ ಹೊಟ್ಟೆ ಹೇಗಿದೆ ಎಂದು ವಿಚಾರಿಸುತ್ತಾರೆಂದೂ ತಿಳಿಯಿತು. ಅವನು ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಇವೆಲ್ಲ ನಗುವ ಮಾತಾಯಿತು. ನಗಲಾಗದ ಪ್ರಶ್ನೆಗೆ ಈಗ ಬರುತ್ತೇನೆ. ತಾವು ಹಸು, ಎಮ್ಮೆ ತಂದವರನ್ನೆಲ್ಲ ನಿಲ್ಲಿಸಿ, ಕುರ್ಚಿಗಳಲ್ಲಿ ಜನ ತುಂಬಿರುವ ಹಜಾರದ ಮಧ್ಯದಲ್ಲಿ, ಪ್ರಾಣಿಯ ದಿನದ ಹಾಲಿನ ಇಳುವರಿ ಎಷ್ಟು ಲೀಟರ್ ಎಂದು ಕೇಳುತ್ತೀರಿ. ಹೇಳಿದ ಅಂಕಿಯನ್ನು ಖಚಿತಪಡಿಸಿಕೊಳ್ಳಲು ಗಟ್ಟಿಯಾಗಿ ಇನ್ನೊಮ್ಮೆ ಓದುತ್ತೀರಿ. ಸಾಲದ್ದಕ್ಕೆ ಗೋಡೆಯ ದೊಡ್ಡ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ತೋರಿಸುತ್ತೀರಿ.

ಮಾನ್ಯರೇ, ತಾವು ಯಾವ ದೇಶದ ಕಾರ್ಖಾನೆಯಲ್ಲಿ ಹುಟ್ಟಿದಿರೋ, ಅಲ್ಲಿ ಹೆಂಗಸರು ತಮ್ಮ ಹಸು ಎಷ್ಟು ಕರೆಯುತ್ತದೆಂದು ಬೀದಿಯಲ್ಲಿ ನಿಂತು ಕೂಗುತ್ತಾರೋ ನನಗೆ ತಿಳಿಯದು. ನಮ್ಮ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ, ದೃಷ್ಟಿಯಾದರೆ ಹಸು ಸೊರ ಬಿಟ್ಟು ಹಾಲು ಇಳಿಸುವುದಿಲ್ಲ, ಮೇವು ಮುಟ್ಟುವುದಿಲ್ಲ. ಕರೆದ ಹಾಲನ್ನು ಸೆರಗು ಮುಚ್ಚಿಕೊಂಡೇ ಕೊಟ್ಟಿಗೆಯಿಂದ ಒಳಗೆ ತರುವ ಜನ ನಾವು. ಡೇರಿಯಲ್ಲಿ ಅಳೆದು ಸುರಿಯುವುದಿಲ್ಲವೇ ಎಂದು ಹೇಮಂತ್ ಅವರು ಬುದ್ಧಿವಂತಿಕೆಯ ಪ್ರಶ್ನೆ ಕೇಳಿದರು. ಡೇರಿಯಲ್ಲಿ ಅಳೆಯುವುದು ಮನೆಯ ಹಾಲನ್ನು. ಅದರಲ್ಲಿ ಯಾವ ಹಸುವಿನದು ಎಷ್ಟು ಎಂದು ಯಾರೂ ಬಾಯಿಬಿಡುವುದಿಲ್ಲ, ಕೇಳುವುದೂ ಇಲ್ಲ. ಕೇಳಿದವರು ಹೊಟ್ಟೆಕಿಚ್ಚಿನವರು, ಹೇಳಿದವರು ತಿಳಿಗೇಡಿಗಳು. ಹೇಳಲೇಬೇಕಾಗಿ ಬಂದರೆ ಉತ್ತರವೊಂದು ಸಿದ್ಧವಿದೆ: ಅರ್ಧ ಲೀಟರ್, ಕಾಫಿಗೆ ಆಗುತ್ತದೆ ಅಷ್ಟೆ. ಎಷ್ಟು ಕೊಡ ಕರೆದರೂ ಅರ್ಧ ಲೀಟರೇ. ಇದು ಸುಳ್ಳಲ್ಲ, ಮರ್ಯಾದೆ. ಹಜಾರದಲ್ಲಿ ಕೂತ ಪ್ರತಿಯೊಬ್ಬರಿಗೂ ಇದು ಗೊತ್ತು, ಹೇಮಂತ್ ಅವರಿಗೂ ಗೊತ್ತು, ಅವರ ತಾಯಿಯ ಮನೆಯ ಜರ್ಸಿ ಹಸುವೂ ಅರ್ಧ ಲೀಟರಿನದೇ. ಆದರೆ ಅದೇ ಮಾತು ತಮ್ಮ ಪರದೆಯ ಮೇಲೆ ಅಂಕಿಯಾಗಿ ಮೂಡಿದ ಕೂಡಲೇ ಅವರಿಗೆ ವೇದವಾಯಿತು.

ತಮ್ಮ ಮೇಧಾಶಕ್ತಿ ಇಲ್ಲಿಗೆ ನಿಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಡಾಕ್ಟರ್ ಅರ್ಪಿತ ಅವರು ದಿನವೂ ಹಳ್ಳಿಗಳ ಕೊಟ್ಟಿಗೆಗಳಿಗೆ ಹೋಗಿ ನೋಡಬೇಕಾದ ಪ್ರಾಣಿಗಳ ಸರದಿಯನ್ನು ಸಹ ತಾವೇ ಇಡತೊಡಗಿದಿರಿ, ಹೆಚ್ಚು ಇಳುವರಿಯ ಪ್ರಾಣಿ ಮೊದಲು, ಕಡಿಮೆಯದು ಕೊನೆಗೆ ಎಂಬ ನಿಯಮದಂತೆ. ಇಳುವರಿಯ ಖಾನೆಯನ್ನು ತುಂಬದೆ ತಾವು ಯಾರನ್ನೂ ಬಿಡದ ಕಾರಣ ನಾಯಿ ಸಾಕಿದವರು ಗಲಿಬಿಲಿಗೊಂಡು ಅಲ್ಲಿ ನಾಯಿಯ ತೂಕ ಬರೆದರು. ಹೀಗೆ ಹದಿನಾರಿನ ಹತ್ತಿರದ ಫಾರ್ಮ್‌ಹೌಸಿನವರ ಲ್ಯಾಬ್ರಡಾರ್ ಗಂಡುನಾಯಿಯೊಂದು ತಮ್ಮ ದಾಖಲೆಯಲ್ಲಿ ದಿನಕ್ಕೆ ಮೂವತ್ತೆರಡು ಲೀಟರ್ ಹಾಲು ಕೊಡತೊಡಗಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರನ್ನೋ ಹಂಗಿಸಲು ಕಟ್ಟಿದ್ದರು. ಅದನ್ನು ಅಕ್ಷರಶಃ ಪಾಲಿಸುವವರೊಬ್ಬರು ಹುಟ್ಟಿಬರುತ್ತಾರೆಂದು ಅವರು ಎಣಿಸಿರಲಾರರು. ನಾನು ಹೇಮಂತ್ ಅವರಿಗೆ ಇದನ್ನು ತೋರಿಸಿದಾಗ, ಸಣ್ಣಪುಟ್ಟ ತಪ್ಪು ಎಲ್ಲ ಕಡೆ ಇರುತ್ತದೆ, ಸರದಿಗೆ ಮಾತ್ರ ಕೈ ಹಾಕಬೇಡಿ ಎಂದು ಎಚ್ಚರಿಸಿ, ತಮ್ಮನ್ನು ತೆರೆಯುವ ಗುಟ್ಟಿನ ಅಂಕಿಗಳನ್ನು ನನಗೆ ಕೊಡದೆ ಇಟ್ಟುಕೊಂಡರು.

ಹೆಡತಲೆ ಗ್ರಾಮದ ಮಲ್ಲಾಜಮ್ಮನವರು ಬಂದದ್ದು ಆ ವಾರದಲ್ಲೇ. ಗಂಡ ತೀರಿಹೋದ ಮೇಲೆ ಒಂದು ಹಸುವನ್ನು ನೆಚ್ಚಿಕೊಂಡು ಬದುಕುತ್ತಿರುವ ಹೆಂಗಸು. ಹಸು ಹಿಂದಿನ ದಿನ ಕರು ಹಾಕಿತ್ತು, ಬೆಳಿಗ್ಗೆಯಿಂದ ಮೇಲೇಳುತ್ತಿರಲಿಲ್ಲ. ಫೋನನ್ನೂ ತಾವೇ ಎತ್ತುವುದರಿಂದ, ಹಸುವಿಗಾಗಿ ಎರಡು ಒತ್ತಿ, ಎಮ್ಮೆಗಾಗಿ ಮೂರು ಒತ್ತಿ ಎಂಬ ತಮ್ಮ ಉಪಚಾರ ಮುಗಿಯುವಷ್ಟು ಹೊತ್ತು ಕಾಯಲಾಗದೆ, ಅಕ್ಕಪಕ್ಕದವರ ಬೈಕಿನ ಹಿಂದೆ ಕೂತು ಓಡಿಬಂದಿದ್ದರು. ನನ್ನ ಮೇಜಿಗೆ ಬಂದವರನ್ನು ನಾನು ನಿಯಮದಂತೆ ತಮ್ಮ ಮುಂದೆ ನಿಲ್ಲಿಸಿದೆ. ತಾವು ಇಳುವರಿ ಕೇಳಿದಿರಿ. ಅವರು ಒಮ್ಮೆ ಹಜಾರದ ಕಡೆ ನೋಡಿ, ಸೆರಗು ಬಿಗಿದುಕೊಂಡು, ಕೊಡಬೇಕಾದ ಉತ್ತರವನ್ನೇ ಕೊಟ್ಟರು.

"ಅರ್ಧ ಲೀಟ್ರು ಕಣಪ್ಪ, ಕಾಪಿಗಾಯ್ತದೆ ಅಷ್ಟೇಯ."

ಹಸುವಿನ ಜೀವ ಹೋಗುವಾಗಲೂ ಅವರ ಬಾಯಿಂದ ಬೇರೆ ಅಂಕಿ ಬರಲಿಲ್ಲ, ಬರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಹಸುವನ್ನು ಉಳಿಸಿಕೊಳ್ಳಬೇಕೆಂದೇ ಅವರು ಹಾಗೆ ಹೇಳಿದ್ದು. ತಾವು ಅದನ್ನು ಗಟ್ಟಿಯಾಗಿ ಓದಿ, ಧನ್ಯವಾದ ಹೇಳಿ, ಅವರ ಸರದಿ ನಾಳೆ ಮಧ್ಯಾಹ್ನದ ಮೇಲೆ ಎಂಬ ಚೀಟಿಯನ್ನು ನಾಲಿಗೆಯಂತೆ ಹೊರಚಾಚಿದಿರಿ. ಅಂದಿನ ಸರದಿಯ ಮೊದಲನೆಯ ಹೆಸರು, ತಮಗೆ ನೆನಪಿರಬಹುದು, ಹದಿನಾರಿನ ಆ ಕ್ಷೀರಸಾಗರದ್ದು. ಅದಕ್ಕೆ ಉಗುರು ಕತ್ತರಿಸಬೇಕಾಗಿತ್ತು.

ಮಲ್ಲಾಜಮ್ಮನವರು ಚೀಟಿ ಹಿಡಿದು ನನ್ನ ಹತ್ತಿರ ಬಂದು, ಹಸು ಕತ್ತನ್ನು ಪಕ್ಕೆಗೆ ಮಡಚಿಕೊಂಡು ಮಲಗಿದೆ, ಕಿವಿ ಮುಟ್ಟಿದರೆ ತಣ್ಣಗಿದೆ ಎಂದು ಮೆಲ್ಲಗೆ ಹೇಳಿದರು. ಅಷ್ಟು ಕೇಳಿದ ಮೇಲೆ ನನಗೆ ನಿಯಮ ಮರೆತುಹೋಯಿತು, ಅಥವಾ ನೆನಪಿದ್ದೂ ಬೇಡವಾಯಿತು, ಎರಡರಲ್ಲಿ ತಮಗೆ ಹಿತವಾದುದನ್ನು ದಾಖಲಿಸಿಕೊಳ್ಳಿ. ಹೇಮಂತ್ ಅವರು ಮದುವೆಯೊಂದಕ್ಕೆಂದು ಹೋಗಿ ಫೋನನ್ನು ಜೇಬಿನಲ್ಲಿ ಮಲಗಿಸಿದ್ದರು. ನಾನು ನನ್ನ ಮೊಬೈಲಿನಿಂದ, ಆಗಲೇ ಹದಿನಾರಿನ ದಾರಿಯಲ್ಲಿದ್ದ ಡಾಕ್ಟರ್ ಅರ್ಪಿತ ಅವರಿಗೆ ಹಸುವಿನ ಸ್ಥಿತಿ ಹೇಳಿದೆ. ಅವರು ಕರು ಹಾಕಿ ಎಷ್ಟು ಹೊತ್ತಾಯಿತು ಎಂದು ಕೇಳಿದರು. ಯಂತ್ರದಲ್ಲಿ ಇಳುವರಿ ಎಷ್ಟು ಬಂದಿದೆ ಎಂದೂ ಕೇಳಿದರು. ನಾನು ಹೇಳಿದೆ.

"ಅರ್ಧ ಲೀಟರ್ ಹಸುಗೆ ಹಾಲುಜ್ವರ ಎಲ್ಲಿಂದ ಬರುತ್ತೆ ಸರ್ವಮಂಗಳಾ? ಗಾಡಿ ತಿರುಗಿಸ್ತಾ ಇದೀನಿ, ಅವರನ್ನ ಮನೆಗೆ ಕಳಿಸಿ" ಎಂದರು.

ಹಾಲುಜ್ವರ ಎಂಬುದು ಹೆಚ್ಚು ಹಾಲು ಕೊಡುವ ಹಸುವಿಗೆ, ಕರು ಹಾಕಿದ ಕೂಡಲೇ ಮೈಯ ಸುಣ್ಣವೆಲ್ಲ ಹಾಲಿಗೆ ಇಳಿದುಹೋಗಿ ಬರುವ ಕಾಯಿಲೆ. ಕೆಲವು ಗಂಟೆಗಳು ತಡವಾದರೆ ಹಸು ಉಳಿಯುವುದಿಲ್ಲ. ಡಾಕ್ಟರು ನೇರ ಹೆಡತಲೆಗೆ ಹೋಗಿ ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿದರು. ಬಾಟಲಿ ಮುಗಿಯುವ ಹೊತ್ತಿಗೆ ಹಸು ಮೈ ನಡುಗಿಸಿ, ತೇಗಿ, ಸೆಗಣಿ ಹಾಕಿ, ಎದ್ದು ನಿಂತು ಕರುವನ್ನು ಹುಡುಕಿತಂತೆ. ಈ ಸುದ್ದಿ ಬಂದಾಗ ನಾನು ಸಂತೋಷದಿಂದ ತಮ್ಮ ಕಡೆ ನೋಡಿದೆ. ತಾವು ಆಗ ಒಬ್ಬ ಮೊಲದವರಿಗೆ ಹಾಲಿನ ಇಳುವರಿ ಕೇಳುತ್ತಿದ್ದಿರಿ.

ಉಗುರು ಬೆಳೆದೇ ಉಳಿದ ಲ್ಯಾಬ್ರಡಾರಿನ ಯಜಮಾನರು ಮೈಸೂರಿನ ನಮ್ಮ ಮುಖ್ಯ ಕಚೇರಿಗೆ ದೂರು ಕೊಟ್ಟರು. ವ್ಯವಸ್ಥೆಯ ಸರದಿಯಲ್ಲಿ ಹಸ್ತಕ್ಷೇಪ ಮಾಡಿದ್ದಕ್ಕೆ ವಿವರಣೆ ನೀಡಿ ಎಂಬ ಕಾಗದ ನನ್ನ ಮೇಜಿಗೆ ಬಂತು. ಹಸು ಬದುಕಿತು ಎಂದು ನಾನು ಒಂದೇ ಸಾಲಿನ ವಿವರಣೆ ಬರೆದೆ. ಇದು ವಿವರಣೆಯಲ್ಲ ಎಂದು ಹೇಮಂತ್ ಅವರು ಹಿಂದಿರುಗಿಸಿದರು, ಮತ್ತು ತಿಂಗಳ ಕೊನೆಗೆ ಮೇಲಧಿಕಾರಿಗಳು ತಾವು ಕೊಡುವ ವರದಿ ನೋಡಲು ಬರುತ್ತಾರೆ, ಅಂದೇ ನನ್ನನ್ನು ಬಿಡುಗಡೆ ಮಾಡಲಾಗುವುದು ಎಂದರು. ಬಿಡುಗಡೆ ಎಂಬ ಪದವನ್ನು ಜೈಲಿನವರಿಗೂ ನನಗೂ ಸಮನಾಗಿ ಬಳಸಿದ್ದಕ್ಕೆ ನಾನು ಕೃತಜ್ಞಳು.

ತಿಂಗಳ ಕೊನೆಗೆ ಅಧಿಕಾರಿಗಳು ಬಂದರು. ಇಸ್ತ್ರಿ ಮಾಡಿದ ಅಂಗಿ, ಸೆಗಣಿ ತುಳಿಯದಂತೆ ಎಣಿಸಿ ಇಡುವ ಹೆಜ್ಜೆ, ಒಟ್ಟಿನಲ್ಲಿ ಸಭ್ಯರು. ತುಂಬಿದ ಹಜಾರದಲ್ಲೇ ಹೇಮಂತ್ ಅವರು ತಮ್ಮನ್ನು ಒಂದು ಗುಂಡಿಯಿಂದ ಎಬ್ಬಿಸಿ ವರದಿ ಓದಲು ಕೇಳಿಕೊಂಡರು. ತಾವು ಓದಿದಿರಿ. ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳಿಂದ ಬಂದ ಹಸುಗಳ ಸರಾಸರಿ ಇಳುವರಿ ದಿನಕ್ಕೆ ಅರ್ಧ ಲೀಟರ್. ಎಮ್ಮೆಗಳದು ಅದಕ್ಕಿಂತ ಸ್ವಲ್ಪ ಕಡಿಮೆ. ಈ ಪ್ರದೇಶದ ಅತ್ಯುತ್ತಮ ಹಾಲುಪ್ರಾಣಿ ಹದಿನಾರಿನ ಒಂದು ಗಂಡು ಲ್ಯಾಬ್ರಡಾರ್. ಆದ್ದರಿಂದ ಹಸು ಎಮ್ಮೆಗಳಿಗಾಗಿ ಡಾಕ್ಟರನ್ನು ಹಳ್ಳಿಗಳಿಗೆ ಕಳುಹಿಸುವುದು ನಷ್ಟದ ಬಾಬತ್ತು, ಅದನ್ನು ನಿಲ್ಲಿಸಿ ಆಸ್ಪತ್ರೆಯನ್ನು ನಾಯಿ ಬೆಕ್ಕುಗಳಿಗೆ ಮೀಸಲಿಡಬಹುದು, ಮುಂದಿನ ಮೇಜಿನ ಹುದ್ದೆ ಅನಗತ್ಯ. ನಾಯಿಯ ಸಾಲು ಬಂದಾಗ ಅಧಿಕಾರಿಗಳ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು, ಆದರೆ ಕೊನೆಯ ಸಾಲು ಬರುವಷ್ಟರಲ್ಲಿ ಇಳಿಯಿತು. ಹೇಮಂತ್ ಅವರು ಅಂಗಿಯ ಜೇಬಿನಿಂದ ನನ್ನ ಬಿಡುಗಡೆಯ ಕಾಗದ ತೆಗೆದರು.

ಅಂದು ಮಲ್ಲಾಜಮ್ಮನವರು ಕರುವಿನ ಹೊಕ್ಕುಳಿಗೆ ಹಚ್ಚುವ ಮದ್ದಿಗೆಂದು ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ತಮ್ಮ ಗ್ರಂಥಸ್ಥ ಕನ್ನಡ ಪೂರ್ತಿ ತಿಳಿಯದೆ, ಅದು ಏನು ಹೇಳಿತು ಎಂದು ನನ್ನನ್ನು ಕೇಳಿದರು. ನಮ್ಮ ಹಸುಗಳು ಹಾಲು ಕೊಡುವುದಿಲ್ಲವಂತೆ, ಇನ್ನು ಡಾಕ್ಟರು ಹಳ್ಳಿಗೆ ಬರುವುದಿಲ್ಲ, ನನ್ನ ಕೆಲಸವೂ ಇಂದಿಗೆ ಮುಗಿಯಿತು ಎಂದೆ. ಅವರು, ನೀನು ಅವತ್ತು ಫೋನು ಮಾಡಿದ್ದಕ್ಕೋ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಎದ್ದರು. ಅಧಿಕಾರಿಗಳನ್ನೂ ಹೇಮಂತ್ ಅವರನ್ನೂ ದಾಟಿಕೊಂಡು ಹೋಗಿ ತಮ್ಮ ಮುಂದೆ ನಿಂತು ಗಾಜನ್ನು ಒತ್ತಿದರು. ತಾವು ಎಂದಿನಂತೆ ಇಳುವರಿ ಕೇಳಿದಿರಿ.

"ಬೆಳಗ್ಗೆ ಅತ್ತು, ಸಂದೆಗೆ ಎಂಟು. ದಿನಕ್ಕೆ ಅದಿನೆಂಟು ಲೀಟ್ರು ಕರೀತದೆ ನನ್ನ ಅಸ. ಬರ್ಕೊ" ಎಂದರು.

ಮಾನ್ಯರೇ, ಆ ಕ್ಷಣದಲ್ಲಿ ಹಜಾರದಲ್ಲಿ ಏನಾಯಿತೆಂಬುದು ತಮ್ಮ ಕ್ಯಾಮರಾದಲ್ಲಿ ದಾಖಲಾಗಿರಬಹುದು, ಆದರೆ ತಮಗೆ ಕಂಡಿರಲಾರದು. ಮೇಕೆ ಹಿಡಿದಿದ್ದ ಗುರುಮಲ್ಲಪ್ಪನವರು ತಲೆ ತಗ್ಗಿಸಿ ನೆಲ ನೋಡಿದರು. ಅವರ ಪಕ್ಕದವರೂ ನೆಲ ನೋಡಿದರು. ಸಾಲಿನಲ್ಲಿದ್ದ ಹೆಂಗಸರು ಸೆರಗನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡರು. ಕೇಳಬಾರದ್ದನ್ನು ಕೇಳಿಸಿಕೊಂಡಾಗಿತ್ತು, ಇನ್ನು ತಂತಮ್ಮ ಕಣ್ಣಾದರೂ ಆ ತಾಯಿಯ ಮೇಲೆ, ಅವರ ಹಸುವಿನ ಮೇಲೆ ಬೀಳದಿರಲಿ ಎಂದು ಅಷ್ಟೂ ಜನ ನೆಲ ನೋಡಿಕೊಂಡು ಕೂತರು. ನನಗೆ ಅಳು ಬಂತು. ತಲೆ ಎತ್ತಿ ಅವರನ್ನೇ ದಿಟ್ಟಿಸುತ್ತಿದ್ದವರು ತಾವೊಬ್ಬರೇ.

ದಿಟ್ಟಿಸಿ, ಸ್ವಲ್ಪ ಗಿರಗುಟ್ಟಿ, ಆಮೇಲೆ ಇಡೀ ಹಜಾರಕ್ಕೆ ಕೇಳುವಂತೆ ತಾವು ಕೊಟ್ಟ ಉತ್ತರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. 'ತಾವು ನೀಡಿದ ಮಾಹಿತಿ ಹಿಂದಿನ ಮಾಹಿತಿಗೆ ಹೊಂದಿಕೆಯಾಗುತ್ತಿಲ್ಲ. ನೋಂದಣಿ ಸಾಧ್ಯವಿಲ್ಲ. ದಯವಿಟ್ಟು ಸ್ವಾಗತಕಾರರನ್ನು ಸಂಪರ್ಕಿಸಿ.'

ಅಧಿಕಾರಿಗಳು ತಿರುಗಿ, ಸ್ವಾಗತಕಾರರು ಯಾರು ಎಂದು ಕೇಳಿದರು. ಹೇಮಂತ್ ಅವರು ಬಿಡುಗಡೆಯ ಕಾಗದ ಹಿಡಿದಿದ್ದ ಕೈಯಿಂದಲೇ ನನ್ನನ್ನು ತೋರಿಸಿದರು. ಮಲ್ಲಾಜಮ್ಮನವರು ಬಂದು ನನ್ನ ಮೇಜಿನ ಮುಂದೆ ನಿಂತರು. ನಾನು ಹಾಲಿನ ಮಾತು ಎತ್ತಲಿಲ್ಲ. ಹಸು ಹೇಗಿದೆ ಎಂದು ಕೇಳಿದೆ. ಶಿವ ಕಾಪಾಡ್ದ ಕಣವ್ವ ಎಂದರು. ಕರುವಿನ ಮದ್ದಿಗೆ ಚೀಟಿ ಬರೆದುಕೊಟ್ಟೆ. ಅಧಿಕಾರಿಗಳು ಅಷ್ಟನ್ನೂ ನಿಂತು ನೋಡಿದರು, ಅವರ ಹಸುವಿನ ಹೆಸರಲ್ಲಿ ದಾಖಲಾಗಿದ್ದ ಅರ್ಧ ಲೀಟರನ್ನು ಪರದೆಯ ಮೇಲೆ ಇನ್ನೊಮ್ಮೆ ಓದಿದರು, ಆಮೇಲೆ ಹೇಮಂತ್ ಅವರನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಆ ಕಾಗದ ಮತ್ತೆ ಜೇಬಿನೊಳಗಿತ್ತು. ಡಾಕ್ಟರು ಹಳ್ಳಿಗಳಿಗೆ ಹೋಗುವುದು ಮುಂದುವರಿಯುತ್ತದೆ, ಸರದಿಯನ್ನು ಡಾಕ್ಟರು ಮತ್ತು ಮುಂದಿನ ಮೇಜಿನವರು ಸೇರಿ ಇಡಬೇಕು, ತಮ್ಮಿಂದ ಹಾಲಿನ ಪ್ರಶ್ನೆಯನ್ನು ತೆಗೆಯಬೇಕು ಎಂದಾಯಿತು. ನನ್ನ ಕುರ್ಚಿ ಮುಂದಿನ ಆದೇಶದವರೆಗೆ ನನ್ನದು.

ಗೆದ್ದೆನೆಂದು ಹಿಗ್ಗಿ ಈ ಪತ್ರ ಬರೆಯುತ್ತಿಲ್ಲ. ಕುರ್ಚಿಗಾಗಿ ನಾನು ತಮ್ಮೊಡನೆ ಎಷ್ಟು ಬೇಕಾದರೂ ಜಗಳವಾಡುತ್ತಿದ್ದೆ, ಅದು ನಮ್ಮಿಬ್ಬರ ವ್ಯವಹಾರ. ಆದರೆ ಜೀವ ಹೋಗುವ ಹೊತ್ತಿನಲ್ಲೂ ಬಾಯಿಬಿಡದ ಹೆಂಗಸು, ನನ್ನ ಮನೆಯ ಒಲೆ ಆರಬಾರದೆಂದು, ಜನ ತುಂಬಿದ ಹಜಾರದಲ್ಲಿ ನಿಂತು ತನ್ನ ಹಸುವಿನ ಹಾಲನ್ನು ಎಣಿಸಿ ಹೇಳಬೇಕಾಯಿತು. ಆ ಮಾತನ್ನು ಅವರ ಬಾಯಿಂದ ಹೊರಡಿಸಿದಿರಲ್ಲ, ಹೊರಡಿಸಿಯೂ ನಂಬಲಿಲ್ಲವಲ್ಲ, ನನ್ನ ದೂರು ಅದೊಂದೇ. ಇದುವರೆಗೆ ಬರೆದದ್ದೆಲ್ಲ ಪೀಠಿಕೆ.

ಆದಕಾರಣ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ತಾವು ಒಂದು ಮುಂಜಾನೆ ಹೆಡತಲೆಗೆ ಹೋಗಿ, ಅಪರಿಚಿತರನ್ನು ಕಂಡರೆ ಒದೆಯುವ ಯಾವುದಾದರೂ ಹಸುವಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅದರ ಒಪ್ಪಿಗೆ ಪಡೆದು ಒಂದು ಚೊಂಬು ಕರೆದು ತರಬೇಕು. ತಂದ ಹಾಲನ್ನು ಮುಚ್ಚಿಕೊಂಡು ಬರಬೇಕು. ದಾರಿಯಲ್ಲಿ ಯಾರಾದರೂ ಎಷ್ಟು ಎಂದು ಕೇಳಿದರೆ ಕೇಳಿಸದಂತೆ ಮುಂದೆ ನಡೆಯಬೇಕು. ಹೆಮ್ಮಿಗೆಗೆ ಹೋಗಿ, ನಿಂಗರಾಜುವಿನ ಹೊಟ್ಟೆಯಲ್ಲಿ ಹುಳುವಿಲ್ಲವೆಂದು ಊರ ಮುಂದೆ ನಿಂತು ಅದೇ ಜೇನಿನ ದನಿಯಲ್ಲಿ ಸಾರಬೇಕು. ಅಲ್ಲಿಂದ ಹಿಂದಿರುಗುವಾಗ ನೂಕುನುಗ್ಗಲಿನ ಬಸ್ಸಿನಲ್ಲಿ ಒಂದು ಮೇಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಂಡಕ್ಟರು ಮೇಕೆಗೂ ಟಿಕೆಟ್ ಕೇಳಿದಾಗ ಸಮಾಧಾನ ಹೇಳಿ ಒಪ್ಪಿಸಬೇಕು. ಇಷ್ಟಾದ ಮೇಲೆ ತಾವು ಮತ್ತೆ ನನ್ನ ಕುರ್ಚಿ ಕೇಳಿದರೆ, ಅದರ ಧೂಳು ಒರೆಸಿ ನಾನೇ ಬಿಟ್ಟುಕೊಡುತ್ತೇನೆ. ಸದ್ಯಕ್ಕೆ ತಮ್ಮನ್ನು ಕುಡಿಯುವ ನೀರಿನ ಡ್ರಮ್ಮಿನ ಪಕ್ಕಕ್ಕೆ ಸರಿಸಲಾಗಿದೆ. ಲೋಟ ಹುಡುಕುವವರಿಗೆ ತಾವು ದಾರಿ ತೋರಿಸಬಹುದು. ಈ ಪತ್ರ ಬರೆಯುತ್ತಲೇ ಫ್ಯಾನನ್ನು ನಾನು ನನ್ನ ಕಡೆಗೆ ತಿರುಗಿಸಿಕೊಂಡಿದ್ದೇನೆ, ಇದಕ್ಕೆ ತಮ್ಮ ಆಕ್ಷೇಪಣೆಯಿದ್ದರೆ ದಯವಿಟ್ಟು ಲಿಖಿತವಾಗಿ ಸಲ್ಲಿಸುವುದು.

ಕರೆಂಟು ಇರುವವರೆಗೂ ಇಲ್ಲದಿರುವಾಗಲೂ

ತಮ್ಮ ವಿಶ್ವಾಸಿ,
ಸರ್ವಮಂಗಳಾ
ಸ್ವಾಗತಕಾರಿಣಿ

ತಾ.ಕ.: ಮಲ್ಲಾಜಮ್ಮನವರು ಮರುದಿನ ಮತ್ತೆ ಬಂದಿದ್ದರು. ಕಣ್ಣು ಹಾಕಿದವರ ಪಾದದ ಮಣ್ಣನ್ನು ಉಪ್ಪು ಮೆಣಸಿನಕಾಯಿಯ ಜೊತೆ ನಿವಾಳಿಸಿ ಒಲೆಗೆ ಹಾಕುವುದು ನಮ್ಮಲ್ಲಿನ ಪದ್ಧತಿ. ಅಂದು ಕಣ್ಣೆತ್ತಿ ನೋಡಿದವರು ತಾವೊಬ್ಬರೇ ಆದ್ದರಿಂದ ಅವರು ಬಗ್ಗಿ ತಮ್ಮ ಚಕ್ರಗಳ ಅಡಿಯಿಂದ ಒಂದು ಚಿಟಿಕೆ ಧೂಳನ್ನು ಕೆರೆದು ಸೆರಗಿಗೆ ಕಟ್ಟಿಕೊಂಡರು. ತಮ್ಮನ್ನು ಒಂದು ಪಕ್ಕಕ್ಕೆ ವಾಲಿಸಿ ಹಿಡಿದುಕೊ ಎಂದು ಹೇಳಿದ್ದರಿಂದ ನಾನು ಹಿಡಿದುಕೊಂಡಿದ್ದೆ. ಒಲೆಗೆ ಹಾಕಿದ ಮೆಣಸಿನಕಾಯಿಯಿಂದ ಒಂದಿಷ್ಟೂ ಘಾಟು ಬರಲಿಲ್ಲವಂತೆ. ದೃಷ್ಟಿ ಬಲವಾಗಿ ತಾಗಿದ್ದರೆ ಮಾತ್ರ ಹಾಗಾಗುತ್ತದೆ. ಇಡೀ ತಿಂಗಳಲ್ಲಿ ತಾವು ಪೂರ್ತಿಯಾಗಿ ಮಾಡಿ ಮುಗಿಸಿದ ಕೆಲಸ ಇದೊಂದೇ, ಹೃತ್ಪೂರ್ವಕ ಅಭಿನಂದನೆಗಳು.